ಎರಡನೆಯ ಸಲ

ನಮ್ಮ ಶಾಲೆಗೆ ಗಂಟೆಯಿಲ್ಲ.
ಹಳೆಯ ಲಾರಿಯ ಚಕ್ರದ ಬಳೆಯೊಂದು ಮಾವಿನ ಕೊಂಬೆಗೆ ತೂಗಿದೆ,
ಬೋಲ್ಟಿನಿಂದ ಬಾರಿಸುತ್ತಾರೆ.
ಬೆಳಗಿನ ಆರಕ್ಕೆ ಆ ಸದ್ದು ಬೆಟ್ಟವಿಳಿದು
ಮಲಾವಿ ಸರೋವರದ ದೋಣಿಯವರನ್ನೂ ಎಬ್ಬಿಸುತ್ತದಂತೆ.
ಆ ಫೆಬ್ರವರಿಯಲ್ಲಿ ನನ್ನನ್ನು ಎಬ್ಬಿಸುವುದು ಕಷ್ಟವಿತ್ತು.

ಹಸಿವಿನ ತಿಂಗಳು.
ಹೊಲದ ಮೆಕ್ಕೆಜೋಳ ಇನ್ನೂ ಹಾಲುಗಾಳು,
ಕಣಜದಲ್ಲಿ ಇಲಿಯ ಹೆಜ್ಜೆ ಮಾತ್ರ.
ಹಾಸ್ಟೆಲಿನ ಗಂಜಿ ಎಷ್ಟು ತೆಳುವೆಂದರೆ
ತಟ್ಟೆಯ ತಳದ ಹೂವಿನ ಚಿತ್ರ ಕಾಣುತ್ತಿತ್ತು.

ಬುಧವಾರದ ಬೆಳಗಿನ ಧ್ಯಾನ ನನ್ನ ಪಾಲು.
ಗಣಿತದವಳು ನಾನು. ಹನ್ನೊಂದು ವರ್ಷದ ಹಿಂದೆ,
ಕೆಲಸಕ್ಕೆ ಸೇರಿದ ಹುರುಪಿನಲ್ಲಿ,
ಒಂದು ನೋಟುಬುಕ್ಕು ತುಂಬ ಬರೆದಿಟ್ಟಿದ್ದೆ:
ನೀಲಿ ಶಾಯಿಯಲ್ಲಿ ನಲವತ್ತು ಧ್ಯಾನ.
ಅದನ್ನೇ ಓದುತ್ತಿದ್ದೆ, ವರ್ಷಕ್ಕೊಂದು ಸುತ್ತು,
ನಲವತ್ತು ಮುಗಿದರೆ ಮತ್ತೆ ಒಂದರಿಂದ.
ಕೇಳುವವರು ಯಾರು? ಅರ್ಧ ಮಕ್ಕಳು ನಿದ್ದೆಯಲ್ಲಿ,
ಉಳಿದರ್ಧ ಗಂಜಿಯ ಧ್ಯಾನದಲ್ಲಿ.
ದೇವರೂ ಕೇಳಿ ಕೇಳಿ ಆಕಳಿಸಿರಬಹುದು.

ಆ ದಿನ ಹತ್ತೊಂಬತ್ತನೆಯದು: ಕ್ಷಮೆ.
ಓದಿದೆ, ಮುಚ್ಚಿದೆ, ಕನ್ನಡಕ ಒರೆಸಿಕೊಂಡೆ.
ಹೊರಗೆ ಬೇಲಿಯ ಬಳಿ ಕಾದಿದ್ದ
ಮೂರನೆಯ ಫಾರ್ಮಿನ ತಿಯೆಜ್ಗೆ.
ತುಂಬುಕಾದಲ್ಲಿ ಆ ಹೆಸರಿಗೆ ‘ಪ್ರಯತ್ನಿಸೋಣ’ ಎಂದರ್ಥ;
ನನ್ನ ಬೀಜಗಣಿತದಲ್ಲಿ ಅವನು ಅದಕ್ಕಿಂತ ಮುಂದೆ ಹೋದವನಲ್ಲ.

“ಮೇಡಂ, ಇದನ್ನು ಹೋದ ವರ್ಷವೂ ಓದಿದ್ದಿರಿ.
ಆವತ್ತೂ ಮಳೆಯಿತ್ತು.”
ನನ್ನ ಕಿವಿ ಬಿಸಿಯಾಯಿತು.
ಸೀಮೆಸುಣ್ಣ ಹುಡುಕುವವಳ ಹಾಗೆ ಚೀಲಕ್ಕೆ ಕೈ ಹಾಕಿದೆ.

“ಆಗ ಸಿಟ್ಟು ಬಂದಿತ್ತು ನನಗೆ.
ಮನೆಯಲ್ಲಿ ಚಿಕ್ಕಮ್ಮ ಹಿಟ್ಟಿನ ಚೀಲಕ್ಕೆ ಗಂಟು ಬಿಗಿದು
ಅದರ ಮೇಲೇ ಮಲಗುತ್ತಿದ್ದಳು.
ಕ್ಷಮಿಸುವುದು ಹೊಟ್ಟೆ ತುಂಬಿದವರ ಕೆಲಸ ಅಂದುಕೊಂಡೆ.
ಕ್ರಿಸ್‌ಮಸ್ ರಜೆಗೆ ಹೋದಾಗ ಅವಳ ಮಣಿಕಟ್ಟು ನೋಡಿದೆ.
ಚೀಲದ ಮೇಲೆ ಮಲಗಿದವಳೂ ತಿಂದಿರಲಿಲ್ಲ, ಮೇಡಂ.
ಏನೂ ಹೇಳಲಿಲ್ಲ ನಾನು. ನೀರಿನ ಸರದಿ ಅವಳದಿತ್ತು,
ಡಬ್ಬ ಎತ್ತಿಕೊಂಡು ನಾನೇ ಹೋದೆ. ಅಷ್ಟೆ.
ಇದು ಲೆಕ್ಕಕ್ಕೆ ಬರುತ್ತದೆಯೇ?”

ಇಪ್ಪತ್ತಮೂರು ಅಧ್ಯಾಯದ ಲೆಕ್ಕ ಕಲಿಸುವವಳಿಗೆ
ಬಾಯಿ ಬರಲಿಲ್ಲ.
ಕೆಳಗೆ ಸರೋವರದ ಮೇಲೆ ನೊಣದ ಹಿಂಡು ಎದ್ದಿತ್ತು,
ನೀರಿಗೇ ಬೆಂಕಿ ಬಿದ್ದು ಹೊಗೆಯಾಡುವ ಹಾಗೆ.
ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು.
ಕಡೆಗೆ ಅಂದೆ: “ಗಂಜಿ ಆರುತ್ತದೆ, ಹೋಗು.”

ಆಮೇಲೆ ಕಣ್ಣು ಬಿಟ್ಟೆನೋ, ಅಥವಾ ಅದು ಮೊದಲೇ ಇತ್ತೋ:
ವೇಜಿ ಎಂಬ ಹುಡುಗಿಯ ಪ್ರಾರ್ಥನೆ.
ಮೊದಲ ವರ್ಷ ಅದು ಪಾದ್ರಿಗಳ ದನಿಯಲ್ಲಿ
ಲೋಕದ ರಾಜರನ್ನೆಲ್ಲ ಸುತ್ತಿ ಬರುತ್ತಿತ್ತು,
ಮೊಣಕಾಲು ನೋಯುತ್ತಿತ್ತು ನಮಗೆ.
ಈಗ ಒಂದೇ ಸಾಲು:
“ಕರ್ತನೇ, ಅಡುಗೆಯ ತಾತನ ಕಣ್ಣಿಗೆ ಹೊಗೆ ತಾಗದಿರಲಿ.”
ಪ್ರಾರ್ಥನೆ ಮುಗಿದ ಮೇಲೆ ಒಣಸೌದೆ ಆರಿಸಲು ಹೋಗುತ್ತಾಳೆ.
ಭಿನ್ನರಾಶಿಯನ್ನು ಸಂಕ್ಷೇಪಿಸುತ್ತ ಸಂಕ್ಷೇಪಿಸುತ್ತ
ಇನ್ನು ಭಾಗಿಸಲಾಗದ ಕಡೆ ನಿಂತ ಹಾಗೆ.

ನಾನು ಬೆಳೆಸಿದ್ದಲ್ಲ ಇದು. ಅದೇ ನೆಮ್ಮದಿ.
ಬಿತ್ತಿದ್ದು ನೆನಪಿಲ್ಲದ ಹೊಲದ ಬದುವಿನಲ್ಲಿ
ಕುಂಬಳದ ಬಳ್ಳಿ ಕಾಲಿಗೆ ತೊಡರಿದರೆ
ಬೈಯುತ್ತೇವೆ ಮೊದಲು,
ಆಮೇಲೆ ಬಗ್ಗಿ ನೋಡುತ್ತೇವೆ.

ಮುಂದಿನ ಬುಧವಾರ ಇಪ್ಪತ್ತನೆಯದು.
ಹೊಸದು ಬರೆಯಲು ಕೂತು
ರಾತ್ರಿಯೆಲ್ಲ ಸೌರದೀಪದ ಚಾರ್ಜು ಮುಗಿಸಿದ್ದೆ, ಒಂದಕ್ಷರ ಹತ್ತಿರಲಿಲ್ಲ.
ಹಳೆಯದನ್ನೇ ತೆರೆದೆ. ಆದರೆ ನಿಧಾನ ಓದಿದೆ,
ಗೋಡೆಗಲ್ಲ, ಯಾರಿಗೋ ಓದುವವಳ ಹಾಗೆ.
ನಡುವೆ ಒಂದು ವಾಕ್ಯ, ಇಪ್ಪತ್ತಾರರ ಹುಡುಗಿ
ಅಡಿಗೆರೆ ಎಳೆದು ಬರೆದದ್ದು:
‘ಕಾಯುವವರಿಗೆ ಆಯಾಸವಿಲ್ಲ.’
ಗಂಟಲು ಅಲ್ಲೇ ನಿಂತಿತು. ಇದನ್ನು ಈಗ ಹೇಗೆ ಓದಲಿ ನಾನು,
ಇಷ್ಟು ಆಯಾಸ ಇಟ್ಟುಕೊಂಡು?

ತಗಡಿನ ಮೇಲೆ ಮಳೆ.
ಕಟ್ಟಕಡೆಯ ಬೆಂಚಿನಿಂದ,
ನಿದ್ದೆಯವರೆಂದು ನಾನು ಎಂದೋ ಕೈಬಿಟ್ಟಿದ್ದ ಸಾಲಿನಿಂದ,
ಯಾರದೋ ದನಿ:
“ಆಮೇಲೆ, ಮೇಡಂ?”