ಕೊಡದ ಕುದುರಿ

ವಾಡಿ ಜಂಕ್ಷನ್ನಿನ ಗೇಟಿನ ಬಾಜೂಕ
ನಂದೊಂದು ಗಡ್ಯಾಳ ರಿಪೇರಿ ಡಬ್ಬಿ ಅಂಗಡಿ.
ಮುಂದ ಒಂದು ಶಾಬಾದ ಪರ್ಶಿ,
ಮೂವತ್ತೆರಡು ಮನಿಗಿ ಡಾಂಬರು ಹಚ್ಚೀನಿ,
ಉಳದ ಮೂವತ್ತೆರಡಕ್ಕ ಕಲ್ಲಿನ ಬಣ್ಣಾನೇ ಸಾಕು.
ಫ್ಯಾಕ್ಟರಿ ಸಿಮೆಂಟಿನ ಧೂಳು ಕೂತು ಕೂತು
ಸಂಜಿಗಿ ಕರೀದು ಬಿಳೀದು ಒಂದೇ ಆಗ್ತಾವ,
ಅಂಗಿ ಚುಂಗಿಲೆ ಒರಸಿ ಆಡಬೇಕು.

ಈ ವಾರ ಯಾರೂ ಗಡ್ಯಾಳ ತಂದಿಲ್ಲ.
ಬರೇ ಕೇಳ್ಲಿಕ್ಕ ಬರ್ತಾರ:
"ಐತಾರ ಯಾರು ಗೆಲ್ತಾರ, ಮಾಣಿಕಣ್ಣಾ?"

ಖಾಜಾ ಪಟೇಲ್ರು, ಅರವತ್ತೆಂಟು.
ಕ್ಯಾಬಿನ್ನಿನಾಗ ಲಿವರ್ ಜಗ್ಗಿ ಜಗ್ಗಿ
ಎಡ ಭುಜ ಒಂದು ಬಟ್ಟು ಕೆಳಗ ಇಳದದ.
ರೈಲ್ವೇದ ಕಪ್ಪು ಹನ್ನೊಂದು ಸಲ ತಂದಾರ,
ಒಂದರಾಗ ಈಗ ಮನ್ಯಾಗ ಚಮಚಾ ಇಡ್ತಾರಂತ.

ಭಾಗ್ಯವಂತಿ, ಹದಿನೇಳು.
ಪ್ಯಾಕಿಂಗ್ ಪ್ಲಾಂಟಿನ ಹಮಾಲರ ಮಗಳು.
ರಾತ್ರಿ ಎರಡರ ತನಕ ಮೊಬೈಲಿನಾಗ
ಹೆಸರು ಕೇಳದ ದೇಶದವರ ಜೋಡಿ ಆಡ್ತಾಳ,
ಹಗಲು ಕಾಲೇಜಿನಾಗ ತೂಕಡಸ್ತಾಳ.

ಚಾದಂಗಡಿ ಬಸಣ್ಣ ಅಂತಾನ: "ಹುಡುಗೀನೇ.
ಪಟೇಲರ ಕಣ್ಣಿಗಿ ಪೊರಿ ಬಂದದ,
ಮೂಲ್ಯಾಗ ಕುಂತ ಒಂಟಿ ಕಾಣಾಂಗಿಲ್ಲ."
ಟಿಕೀಟ್ ಬಾಬು ಅಂತಾನ: "ಪಟೇಲರೇ.
ನಾಕು ತಾಸಿನ ಆಟಕ್ಕ ಕುಂಡಿ ಬೇಕು,
ಬೆರಳಲ್ಲ."
ಕುದುರಿ ಹ್ಯಾಂಗ ನಡೀತದ ಅನ್ನೂದೇ ಗೊತ್ತಿಲ್ಲದ
ಪಂಕ್ಚರ್ ರಸೂಲ್
ಇಬ್ಬರ ಮ್ಯಾಲೂ ಐವತ್ತೈವತ್ತು ಕಟ್ಯಾನ.

ನಾ ಏನ್ ಹೇಳ್ಲಿ?
ಒಂಬೈನೂರಾ ಚಿಲ್ಲರ ಆಟ ಸೋತೀನಿ ಪಟೇಲರಿಗಿ,
ಒಂದೊಂದು ನಡಿ ಬರದಿಟ್ಟೀನಿ, ನಾಕು ವಹಿ ತುಂಬ್ಯಾವ.
ಗೆಲ್ಲೂದು ಖಾತ್ರಿ ಇದ್ರ ಅವರು ಚಾ ಆರಲಿಕ್ಕ ಬಿಡ್ತಾರ,
ಅಂಜಿಕಿ ಬಂದ್ರ ಬಿಸೀದೇ ಕುಡೀತಾರ.
ಇದು ಯಾವ ಮೊಬೈಲಿಗೂ ಖಬರಿಲ್ಲ.
ನನಗೂ ಇದು ತಿಳದದ್ದು ಭಾಳ ತಡಾ ಮಾಡಿ.

ಹೋದ ತಿಂಗಳು ಹುಡುಗಿ ಬಂದು,
"ಕಾಕಾ, ಆ ವಹಿ ಕೊಡ್ರಿ, ಓದಿ ಕೊಡ್ತೀನಿ" ಅಂದಳು.
ಕೊಟ್ಟೆ.
ಆ ರಾತ್ರಿ ನಿದ್ದಿ ಹತ್ತಲಿಲ್ಲ,
ದೋಸ್ತನ ಮನಿ ಕೀಲಿ
ಮಂದಿ ಕೈಯಾಗ ಇಟ್ಟಂಗ ಆಗಿತ್ತು.

ಮುಂಜಾನೆ ಹೋಗಿ ಪಟೇಲರಿಗಿ ಹೇಳೇ ಬಿಟ್ಟೆ.
ಗಡ್ಡ ಕೆರಕೊಂಡು ನಕ್ಕರು:
"ಮೂರನೇದೂ ಕೊಟ್ಟಿ ಏನು?
ಛಲೋ ಆತು. ಕೊಡಬೇಕಿತ್ತು."
ಚಾ ಮಾತ್ರ ಬಿಸೀದೇ ಕುಡದ್ರು.

ನಿನ್ನೆ ವಹಿ ವಾಪಸ್ ಬಂದಾವ,
ಹಳಿ ಪೇಪರಿನ ರಟ್ಟು ಹಾಕಿಸಿಕೊಂಡು.
ಮೂರನೇದರಾಗ ಒಂದು ಹಾಳಿಗಿ ಪೆನ್ಸಿಲ್ ಗುರುತು.
ತೊಂಬತ್ತೊಂಬತ್ತರ ಆಟ ಅದು,
ಮಳಿ ಬಂತಂತ ಕಾಯಿ ಎಲ್ಲಾ ಎತ್ತಿ
ಒಳಗ ಸ್ಟೂಲಿನ ಮ್ಯಾಲ ಹೂಡಿದ್ವಿ.
ಅಕಿ ಸಣ್ಣ ಅಕ್ಷರದಾಗ ಬರದಾಳ:
"ಇಲ್ಲಿ ಕುದುರಿ ಕೊಟ್ಟಿದ್ರ
ಮೂರು ನಡಿಗಿ ಮಾತ್ ಇತ್ತು, ಕಾಕಾ.
ಯಾಕ ಉಳಸಕೊಂಡ್ರಿ?"

ಯಾಕ ಅಂದ್ರ? ಕುದುರಿ ನಂದು,
ಸಾಯ್ತದ ಅಂತ ಉಳಸಕೊಂಡೆ.
ಬಾಜೂಕ ನಂದೇ ಅಕ್ಷರ, ಮಸಿ ಹಾರಿದ್ದು:
'ಪಟೇಲ್ರು ಎರಡು ಕಪ್ಪು ಕುಡದ್ರು, ಬಿಸಿ ಬಿಸಿ.'
ಥಂಡಿ ಇತ್ತು, ಅದಕ್ಕ ಅಂತ ತಿಳದಿದ್ದೆ.

ಇಷ್ಟು ವರ್ಷ ಎದುರು ಕುಂತು,
ಒಂದು ಮಾತು ಆಡಲಿಲ್ಲ ಮನಷ್ಯಾ.

ಗೇಟ್ ಬಿದ್ದಿತ್ತು, ಸೊಲ್ಲಾಪುರದ ಪ್ಯಾಸೆಂಜರ್ ಬರೂದಿತ್ತು.
ಪರ್ಶಿ ಒರಸಿ ಕಾಯಿ ಹಾಂಗೇ ಹೂಡಿದೆ.
ಕುದುರಿ ಕೊಟ್ಟೆ. ಒಂದು. ಎರಡು.
ಮೂರನೇದಕ್ಕ ರಾಜಾಗ ನಿಲ್ಲಲಿಕ್ಕ ಮನಿ ಉಳೀಲಿಲ್ಲ.
ಗೇಟಿನಾಗ ನಿಂತ ಬೈಕಿನಾಂವ ಹಾರ್ನ್ ಹೊಡದು ಕೇಳಿದ,
"ಮಾಣಿಕಣ್ಣಾ, ಖರೇ ಹೇಳು, ಯಾರು?"
ಗಾಡಿ ಗದ್ದಲದಾಗ ಕೇಳಿಸಿಲ್ಲ ಅನ್ನೂ ಹಂಗ ಕುಂತೆ.

ಆಟದ ಗಡ್ಯಾಳಕ್ಕ ಎಣ್ಣಿ ಬಿಟ್ಟೀನಿ,
ಎರಡೂ ಮುಖ ಸಮಾ ನಡೀತಾವ.
ಬಸಣ್ಣಗ ಒಂದು ಮಾತು ಹೇಳಿಟ್ಟೀನಿ:
ಐತಾರ ಪಟೇಲರ ಕಪ್ಪಿನ ಮ್ಯಾಲ
ಬಸಿ ಮುಚ್ಚಬ್ಯಾಡ,
ನನಗ ಉಗಿ ಕಾಣಬೇಕು.