ಮರಣದ ಪುಸ್ತಕದಲ್ಲಿ ಒಂದು ಪ್ರತ್ಯಯ

ಗಾಟ್‌ಲ್ಯಾಂಡ್ ದ್ವೀಪದ ಈ ಇಗರ್ಜಿಗೆ
ನಾನು ಬಂದದ್ದು ಬೇರೆ ಕೆಲಸಕ್ಕೆ:
ಹಳೆಯ ಕ್ರಿಯಾಪದಗಳ ಬಾಲ ಎಣಿಸುವುದಕ್ಕೆ.
ಪಾದ್ರಿಯಮ್ಮ ಬೀಗದ ಕೈ ಕೊಟ್ಟು, ಕಾಫಿ ಬಗ್ಗಿಸಿಟ್ಟು,
"ಕಿಟಕಿ ತೆಗೀಬೇಡಿ ಇಂಗೆಯರ್ಡ್, ಹಾಳೆ ಹಾರ್ತಾವೆ"
ಅಂದು ಹೋದರು.

ಸಾವಿರದ ಎಂಟುನೂರ ಮೂವತ್ತೊಂದು, ನವೆಂಬರ್.
ಯೋರಾನ್, ಸುಣ್ಣದ ಗೂಡಿನ ಆಳು, ವಯಸ್ಸು ನಲವತ್ತು.
ಮುಂದೆ ಗುಮಾಸ್ತ ಬೊತ್ವಿದ್‌ನ ಲೇಖನಿ
'ದ್ರ್' ಅಂತ ಬರೆದು ನಿಂತಿದೆ.
ಶಾಯಿ ಅಲ್ಲೇ ಒಂದು ಹುರುಳಿಕಾಳಿನಷ್ಟು ಕೂತಿದೆ.

ದ್ರುಂಕ್ನ ಎಂದರೆ ಮುಳುಗು. ತಾನಾಗಿ ಆಗುವುದು.
ಬೆಳಕಾದ ಹಾಗೆ, ಕಾಲು ಜೋಮು ಹಿಡಿದ ಹಾಗೆ,
ಎಚ್ಚರಾದ ಹಾಗೆ, ಗಂಜಿ ಆರಿದ ಹಾಗೆ;
ಇಲ್ಲಿನವರ ನುಡಿಯಲ್ಲಿ ಇವಕ್ಕೆಲ್ಲ ಕೊನೆಗೊಂದು ನ,
ಯಾರ ಕೈಯೂ ಇಲ್ಲದ ನ.

ದ್ರೆಂಕ ಎಂದರೆ ಮುಳುಗಿಸು.
ಅದಕ್ಕೆ ಒಬ್ಬ ಬೇಕು, ಒಂದು ಕೈ ಬೇಕು.
ಆ ಕೈ ಅವನದೇ ಆದರೆ
ಗೋಡೆಯಾಚೆ, ಬಡಗಣ ಕಲ್ಲುನೆಲ.
ಗಂಟೆ ಬಾರಿಸುವುದಿಲ್ಲ.

ಆ 'ಇಸು'ವಿಗೂ ಹಿಂದೊಮ್ಮೆ ಮೈಯಿತ್ತು,
ಯ-ಕಾರದ ಸಣ್ಣ ಮೈ.
ಕುಡಿಯುವವನ ಪಕ್ಕ ಕುಡಿಸುವವನನ್ನು ತಂದಿತು,
ಕೂತವರ ಹಿಂದೆ ಕೂರಿಸಿದವರನ್ನು.
ಬಾಯಿಂದ ಬಾಯಿಗೆ ಸವೆದು ಸವೆದು
ಕಾಣೆಯಾಯಿತು. ಹೋಗುವಾಗ
ಹಿಂದಿನ ಅ-ವನ್ನು ಎ-ಗೆ ಬಗ್ಗಿಸಿ ಹೋಯಿತು.
ಕಿಟಕಿಯಾಚೆ ದಡದ ಪೈನ್ ಮರಗಳೂ ಹೀಗೇ:
ಗಾಳಿ ಇವತ್ತಿಲ್ಲ. ಬಾಗು ಇದೆ.

ನ ಎಲ್ಲಿಂದ ಬಂತೋ, ನನ್ನ ಗುರುಗಳಲ್ಲಿ ಒಮ್ಮತವಿಲ್ಲ.
ಧಾತುವಿನ ಹೊಟ್ಟೆಯಲ್ಲಿದ್ದ ಅನುನಾಸಿಕ ಅನ್ನುತ್ತಾರೆ ಒಬ್ಬರು.
'ಒಡೆದ', 'ಕುಡಿದ' ಎಂಬಂಥ ಕೃದಂತಗಳ ತುದಿಯಿಂದ
ಹರಿದುಕೊಂಡದ್ದು ಅನ್ನುತ್ತಾರೆ ಇನ್ನೊಬ್ಬರು.
ಲುಂಡ್‌ನಲ್ಲಿ ಅವರಿಬ್ಬರೂ ಒಂದೇ ಮೇಜಿಗೆ ಊಟಕ್ಕೆ ಕೂರುವುದಿಲ್ಲ.

ಬೊತ್ವಿದ್‌ಗೆ ಇದೊಂದೂ ಗೊತ್ತಿರಲಿಲ್ಲ.
ಅವನಿಗೆ ಗೊತ್ತಿದ್ದದ್ದು ಅಂಚಿನಲ್ಲಿದೆ, ಇರುವೆಯಕ್ಷರದಲ್ಲಿ:
ದೋಣಿ ಕಟ್ಟಿಯೇ ಇತ್ತು.
ಬೂಟು ಬಂಡೆಯ ಮೇಲೆ, ಜೋಡಿಸಿಟ್ಟಂತೆ.
ಹೆಂಡತಿ ಗೆರ್ತ್ರುದ್, ಮಕ್ಕಳು ಮೂರು.
ಮೊದಲೆರಡು ಸಾಲಿಗೆ ಕಾಟು ಹೊಡೆದಿದ್ದಾನೆ,
ಓದಲು ಬರುವಷ್ಟು ತೆಳ್ಳಗೆ.

ಮಸಿಯ ಕಾಳು ದಾಟಿದ ಮೇಲೆ
ಅಕ್ಷರ ಬೇರೆ ಯಾರದೋ ಎಂಬಷ್ಟು ನೆಟ್ಟಗೆ:
ದ್ರುಂಕ್ನದೆ. ಮುಳುಗಿದ.

ಆ ಕೊನೆಯ 'ದೆ'ಯನ್ನು ನನ್ನ ಚೀಟಿಗೆ ಇಳಿಸಿಕೊಂಡೆ.
ಬಹುಶಃ 'ಮಾಡಿದ' ಎಂಬ ಇಡೀ ಮಾತೊಂದು
ತೇದು ಉಳಿದ ಚೂರು ಅದು.
ತಾನಾಗಿ ಆದದ್ದರ ಬೆನ್ನಿಗೂ
ಮಾಡಿದವನೊಬ್ಬ ಅಂಟಿಕೊಂಡಿರುತ್ತಾನೆ.
ಇಲ್ಲಿ ಅವನು ಗುಮಾಸ್ತನಿರಬೇಕು.

ಸಂಜೆ ಗೋಡೆಯೊಳಗೆ ಹುಡುಕಿದೆ.
ಪಾಚಿ, ಕಬ್ಬಿಣದ ಶಿಲುಬೆ, ಕ್ಯಾಪ್ಟನ್ನರ ಹೆಸರುಗಳು.
ಸುಣ್ಣ ಸುಟ್ಟವರಿಗೆ ಕಲ್ಲು ನಿಲ್ಲಿಸುತ್ತಿರಲಿಲ್ಲವಂತೆ.
ಎಲ್ಲೋ ಇದ್ದಾನೆ, ಹುಲ್ಲಿನ ಕೆಳಗೆ,
ಒಂದು ನ-ಕಾರದ ಋಣದಲ್ಲಿ.

ಕತ್ತಲಾಯಿತು.
ಅದಕ್ಕೂ ಇಲ್ಲಿ ನ.
ಬೀಗದ ಕೈ ವಾಪಸು ಕೊಡುವಾಗ ಪಾದ್ರಿಯಮ್ಮ ಕೇಳಿದರು:
ಎಷ್ಟು ಸಿಕ್ಕವು?
ನಲವತ್ತಾರು, ಅಂದೆ.
ಕಾಫಿ ಮುಟ್ಟೇ ಇರಲಿಲ್ಲ ನಾನು.