ಇಪ್ಪತ್ತಮೂರು

ಚಿಕಾಲಿಂನ ಹಾಲು. ಮದುವೆ ಮಂದಿ ಬರಲು ಇನ್ನು ಎರಡು ತಾಸು.
ಏಣಿಯ ತುದಿಯಲ್ಲಿ ಮೌಲಾಲಿ,
ಕೆಳಗೆ ಲ್ಯಾಪ್‌ಟಾಪ್ ತೊಡೆಗೇರಿಸಿಕೊಂಡು ನಾನು,
ನಡುವೆ ಮೂವತ್ತು ಮೀಟರ್ ನೀಲಿ ಕೇಬಲ್ಲು.
ಉಪ್ಪುಗಾಳಿ ತಿಂದು ಅದರ ಹಲ್ಲು ಮುರಿದಿದೆ,
ಟೇಪು ಸುತ್ತಿ ಕೂರಿಸಿದ್ದೇವೆ.

ಲೇಸರ್ ಪೆಟ್ಟಿಗೆ ಮೇಲೆ ಕಣ್ಣು ಮಿಟುಕಿಸುತ್ತದೆ,
ನನ್ನ ಪರದೆಯಲ್ಲಿ ಅದು ಹುಟ್ಟೇ ಇಲ್ಲ.

ರುಜಾರ್ ಮೇಸ್ತ್ರಿ ಕಲಿಸಿದ್ದ:
ಎರಡೂ ಒಂದೇ ಓಣಿಯಲ್ಲಿರಬೇಕು,
ಮೊದಲ ಮೂರು ಅಂಕಿ ಒಂದೇ,
ಕೊನೆಯದಷ್ಟೇ ಬೇರೆ, ಮನೆ ನಂಬರಿನ ಹಾಗೆ.
ನಕ್ಕಿದ್ದೆ ನಾನು.
ಬೈನಾದ ಮರಳಲ್ಲಿ ಯಾವ ಮನೆಗಿತ್ತು ನಂಬರು?
ಅಂಚೆಯವ ಮೋರಿಯ ಈಚೆಗೇ ನಿಂತು
ಯಲ್ಲವ್ವಾ ಅಂತ ಕೂಗಿದರೆ
ಆರು ಜನ ಓ ಅನ್ನುತ್ತಿದ್ದರು,
ಕಾಗದ ಹೇಗೋ ಅವ್ವನ ಕೈಗೇ ಬರುತ್ತಿತ್ತು.

ಇಪ್ಪತ್ತೇ, ಇದ್ದೀಯಾ?
ಸದ್ದಿಲ್ಲ.
ಇಪ್ಪತ್ತೊಂದೇ?
ಮದುಮಗಳ ಮಾವಶಿ ಬಂದು
ಫ್ಯಾನು ಯಾಕೆ ನಿಂತಿದೆಯೆಂದು ಕೊಂಕಣಿಯಲ್ಲಿ ಬೈದು ಹೋದಳು.
ವೈಫೈ ಆರಿಸಿದೆ. ಫೈರ್‌ವಾಲ್ ಇಳಿಸಿದೆ.
ಮೇಲೆ ಮೌಲಾಲಿ ಟೇಪಿನ ಮೇಲೆ
ಹೆಬ್ಬೆರಳೊತ್ತಿ ಹಿಡಿದ.

ಇಪ್ಪತ್ತಮೂರು
ಓ ಅಂದಿತು.
ಒಂದು ಮಿಲಿಸೆಕೆಂಡು ಕೂಡ ಹಿಡಿಯಲಿಲ್ಲ,
ಇಷ್ಟು ಹೊತ್ತೂ ಬಾಗಿಲ ಹಿಂದೆಯೇ
ಸೆರಗು ಹಿಡಿದು ನಿಂತಿದ್ದವಳ ಹಾಗೆ.

ಗೋಡೆಗೆ ಹಸಿರು ಗೆರೆ ಹಾರಿತು,
ಬೆನಿತೊ, ಅಲ್ಸಿನಾ,
ಇಬ್ಬರೂ ತಲೆಕೆಳಗು.

ಕಿರಣದ ಬಾಯಿಗೆ ಕಣ್ಣು ಕೊಡಬೇಡವೋ, ಅಂದೆ.
ಅವನು ಗೋಡೆ ನೋಡುತ್ತಿದ್ದ.
ಹೆಬ್ಬಟ್ಟು ತೆಗೀಲೇನಕ್ಕಾ?
ತಡಿ, ಅಂದೆ.
ಇನ್ನೊಂದೀಟು ತಡಿ.